ಎರವಲು ಕ್ಯಾಮೆರಾವೂ ನಮ್ಮ ಹೆಣ್ಣುಮಕ್ಕಳೂ

ಮನೆಯಲ್ಲಿ ಕ್ಯಾಮೆರಾ ಇದ್ದಲ್ಲಿ ಅದು ಗಂಡುಹುಡುಗನ ಕೈಗೆ ಕೇಳದೆಯೇ ಹೋಗುತ್ತದೆ. ಹೆಣ್ಣುಮಗಳು ಕೇಳಿದರೆ “ಬಿದ್ದು ಒಡೆದೀತು” ಎಂಬ ಮಾತು ಬರುತ್ತದೆ. ಈ ಭೇದವು ಸಲ್ಲದೆಂದು ಹೇಳುವುದಕ್ಕಾಗಿಯೇ ನಾವು ಈ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಬೇಡಿಕೊಂಡೆವು.

ನಾವು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಸೋದರಮಾವನವರಿಂದ ಹದಿನೈದು ದಿವಸಗಳ ಮಟ್ಟಿಗೆ ಒಂದು ಕ್ಯಾಮೆರಾವನ್ನು ಎರವಲು ತಂದೆವು. ಅದರ ಮಸೂರದಲ್ಲಿ ತಾನಾಗಿ ನಡೆಯತಕ್ಕದ್ದು ಯಾವುದೂ ಇರಲಿಲ್ಲ. ಒಂದು ಬಳೆಯನ್ನು ತಿರುಗಿಸಿ ದೂರವನ್ನು ಹೊಂದಿಸಬೇಕು. ಇನ್ನೊಂದನ್ನು ತಿರುಗಿಸಿ ಬೆಳಕಿನ ಕಿಂಡಿಯನ್ನು ಹಿಗ್ಗಿಸಬೇಕು, ಇಲ್ಲವೆ ಕುಗ್ಗಿಸಬೇಕು. ಈ ಎರಡನೆಯ ಬಳೆಯ ಮೇಲೆ 2, 2.8, 4, 5.6, 8, 11, 16 ಎಂಬ ಅಂಕೆಗಳು. ಅಂಕೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಾಗುತ್ತದೆಂಬುದೂ, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆಂಬುದೂ ತಲೆಗೆ ಹತ್ತಲು ನಮಗೆ ಒಂದು ವಾರ ಹಿಡಿಯಿತು. (ಗಣಿತದಲ್ಲಿ ನಾವು ಅಷ್ಟೇನೂ ಗಟ್ಟಿಗರಲ್ಲ.) ಮಾವನವರು ಹೇಳಿಕೊಟ್ಟ ಸೂತ್ರ ಇಷ್ಟೆ: 100ರ ವೇಗದ ಫಿಲ್ಮಿಗೆ, ಬಿಸಿಲು ಚೆನ್ನಾಗಿ ಕಾಯುವಾಗ, ಕಿಂಡಿ 16ಕ್ಕೆ, ಕಾಲ ಸೆಕೆಂಡಿನ 125ನೆಯ ಒಂದು ಭಾಗಕ್ಕೆ, ಮೋಡ ಮುಚ್ಚಿದರೆ ಕಿಂಡಿ 8ಕ್ಕೆ.

ರಾಜಾಜಿನಗರದ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿಯೂ, ಕೆಂಗೇರಿ ಕೆರೆಯ ಏರಿಯ ಮೇಲೆ ಅಲೆದೂ ಮೊದಲನೆಯ ಸುರುಳಿಯನ್ನು ಮುಗಿಸಿದೆವು. ತೊಳೆಯಿಸಿ ನೋಡಿದರೆ ಒಂದು ಚಿತ್ರವೂ ಇಲ್ಲ! ಫಿಲ್ಮಿನ ತುದಿಯು ಒಳಗಿನ ಉರುಳೆಗೆ ಸಿಕ್ಕಿಯೇ ಇರಲಿಲ್ಲ. ಎಣಿಕೆ ಮಾತ್ರ ಸುಳ್ಳು ಹೇಳುತ್ತಾ 36ಕ್ಕೆ ಬಂದು ನಿಂತಿತ್ತು. ಫಿಲ್ಮು ಸರಿಯುವಾಗ ಎಡಗಡೆಯ ಗುಬುಟೂ ತಿರುಗುತ್ತಿದೆಯೇ ಎಂದು ನೋಡಿಕೊಳ್ಳುವುದನ್ನು ಅಂದಿನಿಂದ ನಾವು ಮರೆತದ್ದಿಲ್ಲ. ಅಜ್ಜಿಯು “ಮತ್ತೆ ರೇಷ್ಮೆ ಸೀರೆ ಉಡಬೇಕೇನೇ?” ಎಂದು ಗೊಣಗುತ್ತಲೇ ಎರಡನೆಯ ಸಲ ಕುಳಿತರು. ಜಗಲಿಯ ನೆರಳಾದುದರಿಂದ ಕಿಂಡಿಯನ್ನು 2ಕ್ಕೆ ತೆರೆದು, ದೂರವನ್ನು ಅವರ ಕಣ್ಣಿಗೇ ಹೊಂದಿಸಿದೆವು. ಹಿಂದಿನ ಕಂಬವು ಮಂಜಿನಂತೆ ಕರಗಿ, ಮುಖವೊಂದೇ ನಿಚ್ಚಳವಾಗಿ ಮೂಡಿತು. ಮರುವರ್ಷ ಅಜ್ಜಿ ತೀರಿಕೊಂಡರು. ಮನೆಯಲ್ಲಿ ಅವರದೆಂದು ಇರುವ ಒಳ್ಳೆಯ ಪಟ ಅದೊಂದೇ.

1913ರಲ್ಲಿ ನವಸಾರಿಯಲ್ಲಿ ಹುಟ್ಟಿದ ಹೋಮಾಯ್ ವ್ಯಾರವಾಲಾ ಅವರು, ಮುಂದೆ ತಮ್ಮ ಪತಿಯಾದ ಮಾಣೇಕ್‌ಷಾ ಅವರಿಂದ ಈ ವಿದ್ಯೆಯನ್ನು ಕಲಿತರು. ಅವರು ತೆಗೆದ ಆರಂಭದ ಚಿತ್ರಗಳು ಪತಿಯ ಹೆಸರಿನಲ್ಲಿಯೇ ಅಚ್ಚಾದವು. ಭಾರತದ ಮೊದಲನೆಯ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಈಕೆಗೆ ಪದ್ಮವಿಭೂಷಣ ದೊರೆತದ್ದು 2011ರಲ್ಲಿ. ಆ ಮೊದಲ ಪುಟಗಳ ಸಂಗತಿ ನಮ್ಮನ್ನು ಈಗಲೂ ಚುಚ್ಚುತ್ತದೆ.

ಫೋನಿನಲ್ಲಿಯೇ ಚಿತ್ರ ಬರುವಾಗ ಈ ಪಾಡೇತಕ್ಕೆಂದು ಮಾತಾಪಿತೃಗಳು ಕೇಳಬಹುದು. ಫೋನನ್ನು ನಾವು ಹಳಿಯುವುದಿಲ್ಲ. ನಾವೂ ಅದರಲ್ಲಿಯೇ ತೆಗೆಯುತ್ತೇವೆ. ಆದರೆ ಅಲ್ಲಿ ಬೆಳಕನ್ನು ಅಳೆಯುವುದೂ ದೂರವನ್ನು ಹಿಡಿಯುವುದೂ ಯಂತ್ರವೇ ಆದಕಾರಣ, ಚಿತ್ರ ಕೆಟ್ಟರೆ ಏಕೆ ಕೆಟ್ಟಿತೆಂಬುದು ಹುಡುಗಿಗೆ ತಿಳಿಯುವುದಿಲ್ಲ. ಫಿಲ್ಮಿನ ಖರ್ಚು ಹೆಚ್ಚೆನ್ನುವವರು, ಹಳೆಯ ಮಸೂರವನ್ನು ಒಂದು ಜೋಡಣೆಯ ಬಳೆಯಿಂದ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ತಗುಲಿಸಬಹುದು. 2021ರ ಆಗಸ್ಟಿನಿಂದ ವಿಜಯನಗರದಿಂದ ಕೆಂಗೇರಿಯವರೆಗೆ ಮೆಟ್ರೋ ಉಂಟು. ಹುಡುಗಿಯರು ಇಬ್ಬಿಬ್ಬರಾಗಿ ಮುಂಜಾನೆಯ ಬೆಳಕಿಗೇ ಹೋಗಿ ಬರಬಹುದು.

ಬೀರುವಿನಲ್ಲಿ ಮುಚ್ಚಿಟ್ಟ ಮಸೂರಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನು ಹೊರಗೆ ತೆಗೆದು ಮಗಳಿಗೋ ಸೊಸೆಗೋ ನೆರೆಮನೆಯ ಹುಡುಗಿಗೋ ಕೊಡಿರಿ. ಹಿಂದಿರುಗಿಸುವ ದಿವಸವನ್ನೂ ಗೊತ್ತುಮಾಡಿರಿ. ನಾವು ಹದಿನೈದು ದಿವಸಕ್ಕೆಂದು ತಂದದ್ದನ್ನು ಮೂರು ತಿಂಗಳ ಮೇಲೆ ಹಿಂದಿರುಗಿಸಿದೆವು. ಮಾವನವರು ಏನೂ ಅನ್ನಲಿಲ್ಲ, ಎಡಗಡೆಯ ಗುಬುಟನ್ನು ಮಾತ್ರ ಒಮ್ಮೆ ತಿರುಗಿಸಿ ನೋಡಿದರು.