ಕಾವಲುಗಾರನೇ ಕುಸಿದು ಬಿದ್ದರೆ?

ನಾಗಮಂಗಲ ಇರಲಿ, ಪಾಂಡವಪುರ ಇರಲಿ, ಜಮೀನು ರಿಜಿಸ್ಟರ್ ಆಗಬೇಕಂದ್ರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಕಂಪ್ಯೂಟರಿನಲ್ಲಿ ‘ಕಾವೇರಿ 2.0’ ತೆರೆದುಕೊಳ್ಳಲೇಬೇಕು. 2025ರ ಜನವರಿಯಲ್ಲಿ ಇದರ ಮೇಲೆ ದಾಳಿ ಆಯ್ತು. ನಕಲಿ ಖಾತೆಗಳಿಂದ ಇಸಿಗಾಗಿ ರಾಶಿ ರಾಶಿ ಸುಳ್ಳು ಹುಡುಕಾಟ. ಆ ಗದ್ದಲದಲ್ಲಿ ನಿಜವಾಗಿ ಕೆಲಸ ಇದ್ದವರು ಕಾಯುತ್ತಾ ಕೂತರು.

ಪತ್ರ ಮಾಡಿಸೋ ದಿನ ಅಂದ್ರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಮಾರುವವರು, ಕೊಳ್ಳುವವರು, ಸಾಕ್ಷಿಗಳು, ಬೆಂಗಳೂರಿಂದ ರಜೆ ಹಾಕಿ ಬಂದ ಮಕ್ಕಳು, ಎಲ್ಲರೂ ಸೇರಬೇಕು. ‘ಸರ್ವರ್ ಇಲ್ಲ’ ಅಂದ್ರೆ ಅಷ್ಟೂ ಜನರ ದಿನ ಹಾಳು.

ಇಂಥ ಸುದ್ದಿ ಬಂದಾಗ ಮೊದಲ ಪ್ರಶ್ನೆ: ‘ಫೈರ್‌ವಾಲ್ ಇರಲಿಲ್ವಾ?’ ಒಳ್ಳೆ ಪ್ರಶ್ನೆಯೇ. ಆದರೆ ಫೈರ್‌ವಾಲ್ ಕೂಡ ಒಂದು ಸಾಫ್ಟ್‌ವೇರ್. ಅದರಲ್ಲೂ ಬಗ್ ಇರುತ್ತೆ. ಅದನ್ನು ಬೀಳಿಸೋಕೆ ಕಾವೇರಿಗೆ ಬಂದಷ್ಟು ದೊಡ್ಡ ನೆರೆಯೂ ಬೇಕಿಲ್ಲ.

2024ರ ಡಿಸೆಂಬರ್‌ನಲ್ಲಿ ಪಾಲೊ ಆಲ್ಟೊ ಕಂಪನಿ ತನ್ನ ಫೈರ್‌ವಾಲ್‌ನ ಒಂದು ದೋಷ ಪ್ರಕಟಿಸಿತು. ಡಿಎನ್ಎಸ್ ರಕ್ಷಣೆಯ ಲಾಗಿಂಗ್ ಆನ್ ಇದ್ದರೆ, ಬೇಕೆಂದೇ ಕೆಡಿಸಿದ ಒಂದು ಪ್ಯಾಕೆಟ್ ಸಾಕು, ಯಂತ್ರ ರೀಬೂಟ್. ಪಾಸ್‌ವರ್ಡ್ ಬೇಡ. ಹೀಗೇ ಪದೇ ಪದೇ ಮಾಡಿದರೆ ಅದು ಮೇಂಟೆನೆನ್ಸ್ ಮೋಡ್‌ಗೆ ಹೋಗಿ ಕೂರುತ್ತೆ. ಯಾರಾದರೂ ಕೈಯಾರೆ ಸರಿಮಾಡಬೇಕು. ಕಳ್ಳ ಒಳಗೆ ಬರಲಿಲ್ಲ ನಿಜ, ಆದರೆ ಕಾವಲುಗಾರ ಬಾಗಿಲಿಗೇ ಅಡ್ಡ ಬಿದ್ದ. ಮನೆಯವರೂ ಒಳಗೆ ಹೋಗೋ ಹಾಗಿಲ್ಲ.

2019ರ ಮಾರ್ಚ್ 5ರಂದು ಅಮೆರಿಕದ ಎಸ್‌ಪವರ್ ಎಂಬ ಸೌರ, ಪವನ ವಿದ್ಯುತ್ ಕಂಪನಿಯ ಫೈರ್‌ವಾಲ್‌ಗಳು ಸುಮಾರು 10 ಗಂಟೆ ಕಾಲ ಮತ್ತೆ ಮತ್ತೆ ರೀಬೂಟ್ ಆದವು. ಕರೆಂಟ್ ಹೋಗಲಿಲ್ಲ. ಆದರೆ ಪ್ರತಿ ಸಲ ಕೆಲ ನಿಮಿಷ ಕಂಟ್ರೋಲ್ ರೂಮಿಗೂ ಘಟಕಗಳಿಗೂ ಸಂಪರ್ಕ ತಪ್ಪುತ್ತಿತ್ತು. ಆ ದೋಷ ಮೊದಲೇ ಗೊತ್ತಿತ್ತು. ಪ್ಯಾಚ್ ಬಂದಿತ್ತು, ಹಾಕಿರಲಿಲ್ಲ.

ಯಾಕೆ ಹಾಕಲ್ಲ? ‘ಡೇಟಾ ಏನೂ ಹೋಗಲ್ಲವಲ್ಲ, ಮುಂದಿನ ತಿಂಗಳು ನೋಡೋಣ’ ಅನ್ನೋ ಮಾತು ಐಟಿಯಲ್ಲಿರೋ ನಮಗೆಲ್ಲ ಪರಿಚಿತ. ಡೇಟಾ ಕಳುವಿನ ದೋಷಕ್ಕೆ ಸಿಗೋ ಅವಸರ ಸೇವೆ ನಿಲ್ಲಿಸೋ ದೋಷಕ್ಕೆ ಸಿಗಲ್ಲ. ಬೆಂಚಿನ ಮೇಲೆ ಕಾಯುವ ರೈತನಿಗೆ ಈ ವ್ಯತ್ಯಾಸದಿಂದ ಏನು ಲಾಭ?

ನಿಮ್ಮ ಆಫೀಸಿನಲ್ಲಿ ಮೂರು ವಿಷಯ ಕೇಳಿ. ಫೈರ್‌ವಾಲ್‌ನ ಪ್ಯಾಚ್ ನೋಡಿಕೊಳ್ಳೋರು ಯಾರು? ಒಂದು ಬಿದ್ದರೆ ಇನ್ನೊಂದು ಇದೆಯಾ? ಎರಡರಲ್ಲೂ ಅದೇ ಹಳೇ ವರ್ಷನ್ ಇಲ್ಲ ತಾನೇ? ಇದ್ದರೆ ಒಂದನ್ನು ಬೀಳಿಸಿದ ಪ್ಯಾಕೆಟ್ ಇನ್ನೊಂದನ್ನೂ ಬೀಳಿಸುತ್ತೆ.