ಎಂಟು ಸೆಕೆಂಡಿನ ಸವಾರಿ, ಬದುಕಿಡೀ ಗೆಳೆತನ



ಎಂಟು ಸೆಕೆಂಡು ಎಂದರೆ ಎಷ್ಟು ಹೊತ್ತು? ಒಂದರಿಂದ ಎಂಟರವರೆಗೆ ಎಣಿಸಿ ನೋಡಿ. ಒಂದು ಲೋಟ ನೀರು ಕುಡಿದು ಮುಗಿಸಲೂ ಸಾಲದು, ಅಲ್ಲವೇ? ಆದರೆ ಕುಪ್ಪಳಿಸುವ ಗೂಳಿಯ ಬೆನ್ನ ಮೇಲೆ ಕೂತವನಿಗೆ ಅದು ಒಂದು ಯುಗದಷ್ಟು ಉದ್ದ. ಒಂದೇ ಕೈಯಲ್ಲಿ ಹಗ್ಗ ಹಿಡಿಯಬೇಕು. ಇನ್ನೊಂದು ಕೈ ಗಾಳಿಯಲ್ಲೇ ಇರಬೇಕು, ಗೂಳಿಗೆ ತಾಗಿದರೆ ಆಟ ಮುಗಿಯಿತು. ಎಂಟು ಸೆಕೆಂಡು ಉಳಿದುಕೊಂಡರೆ ನೂರಕ್ಕೆ ಅಂಕ ಕೊಡುತ್ತಾರೆ. ಅದರಲ್ಲಿ ಅರ್ಧ ಸವಾರನಿಗೆ, ಇನ್ನರ್ಧ ಗೂಳಿಗೆ! ಗೂಳಿ ಚೆನ್ನಾಗಿ ಕುಣಿದರೆ ಸವಾರನ ಒಟ್ಟು ಅಂಕವೂ ಏರುತ್ತದೆ.

ಈ ಆಟದ ಹೆಸರು ರೋಡಿಯೋ. ಸ್ಪ್ಯಾನಿಷ್ ಭಾಷೆಯಲ್ಲಿ ದನಗಳನ್ನು ಸುತ್ತುವರಿದು ಒಟ್ಟುಗೂಡಿಸುವುದಕ್ಕೆ ಇದ್ದ ಮಾತು. ದನಗಾಹಿಗಳು ದಿನವೂ ಮಾಡುತ್ತಿದ್ದ ಕೆಲಸವೇ ಮುಂದೆ ಪಂದ್ಯವಾಯಿತು.

ಕಳೆದ ಬೇಸಿಗೆಯಲ್ಲಿ ಡೆನ್ವರ್‌ನ ಮಗಳ ಮನೆಗೆ ಹೋಗಿದ್ದೆ. ಅಲ್ಲಿಂದ ಇಡೀ ದಿನ ಕಾರಿನಲ್ಲಿ ಕೂತು ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿಗೆ ಬಂದೆವು. ಒಂಬತ್ತು ವರ್ಷದ ಮೊಮ್ಮಗ ದಾರಿಯುದ್ದಕ್ಕೂ ಕೌಬಾಯ್ ಟೋಪಿ ತೆಗೆಯಲೇ ಇಲ್ಲ. ಸುಮಾರು ಹತ್ತು ಸಾವಿರ ಜನರ ಪುಟ್ಟ ಊರು ಅದು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಪ್ರತಿ ರಾತ್ರಿ ರೋಡಿಯೋ ನಡೆಯುತ್ತದೆ. 1938ರಿಂದ ಬಂದ ಪದ್ಧತಿ. ಜುಲೈ ಮೊದಲ ವಾರದ ‘ಸ್ಟ್ಯಾಂಪೀಡ್’ ಎಂಬ ದೊಡ್ಡ ಪಂದ್ಯ ಇನ್ನೂ ಹಳೆಯದು, 1919ರದ್ದು.

ನಿಜ ಹೇಳುತ್ತೇನೆ, ಓಡುವ ಕರುವಿನ ಕುತ್ತಿಗೆಗೆ ಹಗ್ಗ ಬಿದ್ದಾಗ ನಾನು ಕಣ್ಣು ಮುಚ್ಚಿಕೊಂಡೆ. ಕೊಟ್ಟಿಗೆಯಲ್ಲಿ ಕರುಗಳ ಜೊತೆ ಬೆಳೆದವಳು ನಾನು. ಕಾಯಿಲೆ ಬಿದ್ದ ಕರುವನ್ನು ಬಯಲಿನಲ್ಲಿ ಹಿಡಿಯಲು ಹೀಗೇ ಹಗ್ಗ ಎಸೆಯುತ್ತಿದ್ದರು ಎಂದು ಅಳಿಯಂದಿರು ವಿವರಿಸಿದರು. ತಿಳಿಯಿತು, ಆದರೂ ಮನಸ್ಸು ಒಪ್ಪಲಿಲ್ಲ. ಮಧ್ಯದಲ್ಲಿ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದರು. ಕರುವಿನ ಬಾಲಕ್ಕೆ ಕಟ್ಟಿದ ರಿಬ್ಬನ್ ಕಿತ್ತವರು ಗೆದ್ದಂತೆ. ನಮ್ಮ ಹುಡುಗ ಓಡಿದ, ಬಿದ್ದ, ಎದ್ದ. ರಿಬ್ಬನ್ ಬೇರೆ ಯಾರಿಗೋ ಸಿಕ್ಕಿತು. ಇವನಿಗೆ ಸಿಕ್ಕಿದ್ದು ಬಾಯಿ ತುಂಬ ಧೂಳು. ಖುಷಿಗೇನೂ ಕಡಿಮೆಯಿರಲಿಲ್ಲ!

ಊರಿಗೆ ಕೋಡಿ ಎಂಬ ಹೆಸರು ಬಂದದ್ದು ವಿಲಿಯಂ ಕೋಡಿ ಎಂಬಾತನಿಂದ. ಜನ ಅವನನ್ನು ಬಫಲೋ ಬಿಲ್ ಎಂದು ಕರೆಯುತ್ತಿದ್ದರು. ರೈಲು ಹಳಿ ಹಾಕುವ ಕೂಲಿಗಳ ಊಟಕ್ಕಾಗಿ ಬೈಸನ್‌ಗಳನ್ನು ಬೇಟೆಯಾಡಿ ಈ ಹೆಸರು ಪಡೆದ. ಬೈಸನ್ ಎಂದರೆ ಹೆಗಲ ಮೇಲೆ ಗುಡ್ಡದಂಥ ಡುಬ್ಬ, ಕುತ್ತಿಗೆ ತುಂಬ ಜಡೆಗೂದಲು ಇರುವ ಭಾರಿ ಪ್ರಾಣಿ. 1883ರಲ್ಲಿ ಅವನು ಕುದುರೆ, ಬಂದೂಕು, ದನಗಾಹಿಗಳನ್ನು ಸೇರಿಸಿ ಬಯಲಾಟದಂಥ ಒಂದು ಪ್ರದರ್ಶನ ಶುರುಮಾಡಿದ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಅದನ್ನು ನೋಡಿದ್ದಳು. ಕೌಬಾಯ್ ಎಂದಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರದಲ್ಲಿ ಅವನ ಪಾಲು ದೊಡ್ಡದು. 1902ರಲ್ಲಿ ಅವನು ಕಟ್ಟಿಸಿ, ಮಗಳು ಅರ್ಮಾಳ ಹೆಸರಿಟ್ಟ ಹೋಟೆಲ್ ಇಂದಿಗೂ ಊರ ನಡುವೆ ಇದೆ. ಬೇಸಿಗೆಯ ಸಂಜೆ ಅದರ ಮುಂದೆ ಸುಳ್ಳು ಬಂದೂಕಿನ ಕಾಳಗದ ನಾಟಕ ಆಡುತ್ತಾರೆ. “ಅಜ್ಜಿ, ಇವರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು?” ಎಂದು ಮೊಮ್ಮಗ ಕೇಳುತ್ತಲೇ ಇದ್ದ.

ಮರುದಿನ ಬಫಲೋ ಬಿಲ್ ಹೆಸರಿನ ದೊಡ್ಡ ಸಂಗ್ರಹಾಲಯಕ್ಕೆ ಹೋದೆವು. ಒಂದೇ ಸೂರಿನಡಿ ಐದು ಸಂಗ್ರಹಾಲಯಗಳು. ಒಂದು ದಿನದಲ್ಲಿ ನೋಡಿ ಮುಗಿಸುತ್ತೇವೆ ಎಂದು ಹೊರಡಬೇಡಿ, ಕಾಲು ಸೋಲುತ್ತದೆ. ಅಲ್ಲಿನ ಮೂಲನಿವಾಸಿಗಳ ವಿಭಾಗದಲ್ಲಿ ಮೊಮ್ಮಗ ಬಹಳ ಹೊತ್ತು ನಿಂತ. ಆ ಬಯಲಿನ ಜನರಿಗೆ ಬೈಸನ್ನೇ ಬದುಕು. ಮಾಂಸ ಊಟಕ್ಕೆ, ಚರ್ಮ ಗುಡಾರಕ್ಕೆ, ಮೂಳೆ ಹತಾರಕ್ಕೆ, ನರ ಹೊಲಿಯುವ ದಾರಕ್ಕೆ. ಕೋಟಿಗಟ್ಟಲೆ ಇದ್ದ ಬೈಸನ್‌ಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೇಟೆಯಿಂದಾಗಿ ಒಂದು ಸಾವಿರಕ್ಕೂ ಕಡಿಮೆಯಾದವು. ಅವುಗಳ ಜೊತೆಗೇ ಆ ಜನರ ಬದುಕೂ ಮುರಿಯಿತು. ಮೊಮ್ಮಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಹಾಗಾದರೆ ಬಫಲೋ ಬಿಲ್ ಒಳ್ಳೆಯವನೋ ಕೆಟ್ಟವನೋ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಊರಿನ ಪಶ್ಚಿಮಕ್ಕೆ ಶೋಶೋನಿ ನದಿಗೆ ಕಟ್ಟಿದ ಅಣೆಕಟ್ಟು ಇದೆ. ಕಟ್ಟಿದಾಗ ಎತ್ತರ 325 ಅಡಿ ಇತ್ತು. 1910ರಲ್ಲಿ ಮುಗಿದಾಗ ಪ್ರಪಂಚದಲ್ಲೇ ಎತ್ತರದ್ದು ಎನಿಸಿಕೊಂಡಿತ್ತು. ಎರಡು ಬಂಡೆಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಬೆಣೆ ಹೊಡೆದ ಹಾಗೆ ನಿಂತಿದೆ. ಮೇಲಿನಿಂದ ಕೆಳಗೆ ನೋಡಿದರೆ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಇಷ್ಟನ್ನು ನೋಡಿ ಹೊರಟುಬಿಡುವವರೇ ಹೆಚ್ಚು. ನಾವು ಇನ್ನೊಂದು ಕಡೆ ಹೋದೆವು. ಕೋಡಿಯಿಂದ ಪವೆಲ್ ಎಂಬ ಊರಿನ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ. ಹಾರ್ಟ್ ಮೌಂಟನ್ ಎಂಬ ಬೆಟ್ಟದ ಕೆಳಗಿನ ಬಯಲು.

1941ರ ಡಿಸೆಂಬರಿನಲ್ಲಿ ಜಪಾನ್ ದೇಶ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಆಗ ಅಮೆರಿಕ ಸರ್ಕಾರ ತನ್ನ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಜನರನ್ನೆಲ್ಲ ಮನೆ ಬಿಡಿಸಿ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಯಾವ ತಪ್ಪೂ ಮಾಡಿರಲಿಲ್ಲ, ಮುಖ ಮಾತ್ರ ಬೇರೆ ಇತ್ತು. 1942ರಿಂದ 1945ರವರೆಗೆ ಈ ಬಯಲಿನಲ್ಲಿ ಅಂಥ ಒಂದು ಶಿಬಿರವಿತ್ತು. ಸುತ್ತ ಮುಳ್ಳುತಂತಿ, ಕಾವಲು ಗೋಪುರ, ಚಳಿ ತಡೆಯದ ಹಲಗೆಯ ಮನೆಗಳು. ಒಂದು ಹಂತದಲ್ಲಿ ಅಲ್ಲಿ 10,767 ಜನರಿದ್ದರು. ಈಗ ಅಲ್ಲೊಂದು ಸಂಗ್ರಹಾಲಯವಿದೆ.

ಆ ಶಿಬಿರಕ್ಕೆ ಬಂದ ಒಬ್ಬ ಹುಡುಗ ನಾರ್ಮನ್ ಮಿನೇಟಾ. ಮನೆಯಿಂದ ಹೊರಡಿಸಿದಾಗ ಅವನಿಗೆ ಹತ್ತು ವರ್ಷ. ಕಬ್ ಸ್ಕೌಟ್ ಸಮವಸ್ತ್ರ ತೊಟ್ಟು, ಕೈಯಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿದು ರೈಲು ಹತ್ತಲು ಬಂದಿದ್ದ. ಅದು ಆಯುಧವಾಗಬಹುದು ಎಂದು ಸೈನಿಕರು ಬ್ಯಾಟನ್ನು ಕಿತ್ತುಕೊಂಡರು.

ಶಿಬಿರದೊಳಗೂ ಸ್ಕೌಟ್ ದಳವಿತ್ತು. ಅಲ್ಲಿಯ ಹಿರಿಯರು ಸುತ್ತಲಿನ ಊರುಗಳ ಸ್ಕೌಟ್ ದಳಗಳನ್ನು ‘ಬನ್ನಿ, ಜೊತೆಗೆ ಆಡೋಣ’ ಎಂದು ಕರೆದರು. ಯಾರೂ ಬರಲಿಲ್ಲ. ಕೊನೆಗೆ ಕೋಡಿಯ ಸ್ಕೌಟ್ ಮಾಸ್ತರರು ತಮ್ಮ ಹುಡುಗರನ್ನು ಕರೆದುಕೊಂಡು ಮುಳ್ಳುತಂತಿಯ ಒಳಗೆ ಹೋದರು. ಆ ಹುಡುಗರಲ್ಲಿ ಒಬ್ಬ ಅಲನ್ ಸಿಂಪ್ಸನ್.

ಅಲನ್ ಮತ್ತು ನಾರ್ಮನ್‌ಗೆ ಒಂದೇ ಗುಡಾರ ಸಿಕ್ಕಿತು. ಮಳೆ ಬಂದರೆ ನೀರು ನುಗ್ಗದಿರಲಿ ಎಂದು ಇಬ್ಬರೂ ಸುತ್ತ ಕಾಲುವೆ ತೋಡಿದರು. ಕೆಳಗಡೆ ಎಲ್ಲರನ್ನೂ ಗೋಳುಹೊಯ್ದುಕೊಳ್ಳುವ ಒಬ್ಬ ಹುಡುಗನ ಗುಡಾರವಿತ್ತು. ಅಲನ್ ಕಾಲುವೆಯನ್ನು ಬೇಕೆಂದೇ ಆ ಕಡೆಗೆ ತಿರುಗಿಸಿದ! ಮಳೆ ಬಂತು, ಕೆಳಗಿನ ಗುಡಾರ ಕುಸಿಯಿತು, ಇವರಿಬ್ಬರೂ ಬಿದ್ದು ಬಿದ್ದು ನಕ್ಕರು. (ಇದನ್ನು ನೀವು ಮಾಡಬೇಡಿ.)

ಯುದ್ಧ ಮುಗಿಯಿತು, ಹುಡುಗರು ದೊಡ್ಡವರಾದರು. ಮಿನೇಟಾ ಅಮೆರಿಕದ ಸಂಸತ್ತಿನ ಕೆಳಮನೆಗೆ ಆರಿಸಿ ಬಂದರು, ಮುಂದೆ ಮಂತ್ರಿಯೂ ಆದರು. ಸಿಂಪ್ಸನ್ ಮೇಲ್ಮನೆಗೆ ಬಂದರು. ಇಬ್ಬರದೂ ಎದುರು ಪಕ್ಷ, ಆದರೂ ಗೆಳೆತನ ಮಾತ್ರ ಬಿಡಲಿಲ್ಲ. ಶಿಬಿರಗಳಲ್ಲಿ ಇಟ್ಟದ್ದು ತಪ್ಪು ಎಂದು ದೇಶ ಕ್ಷಮೆ ಕೇಳಬೇಕೆಂದು ಮಿನೇಟಾ ದುಡಿದರು. ಸಿಂಪ್ಸನ್ ಮೇಲ್ಮನೆಯಲ್ಲಿ ಬೆಂಬಲ ಕೊಟ್ಟರು. 1988ರಲ್ಲಿ ಕಾನೂನು ಬಂತು. ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. ಮಿನೇಟಾ 2022ರಲ್ಲಿ, ಸಿಂಪ್ಸನ್ 2025ರಲ್ಲಿ ತೀರಿಕೊಂಡರು. ಇಬ್ಬರ ಹೆಸರನ್ನೂ ಜೋಡಿಸಿದ ಒಂದು ಕಟ್ಟಡ ಅದೇ ಬಯಲಿನಲ್ಲಿ ನಿಂತಿದೆ.

ಹಿಂತಿರುಗುವಾಗ ಕಾರಿನಲ್ಲಿ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: “ಅಜ್ಜಿ, ನಮ್ಮ ಕ್ಲಾಸಿಗೆ ವರ್ಷದ ಮಧ್ಯದಲ್ಲಿ ಒಬ್ಬ ಹೊಸ ಹುಡುಗ ಬಂದ. ಅವನಿಗೆ ಇಂಗ್ಲಿಷ್ ಸರಿಯಾಗಿ ಬರಲ್ಲ. ಊಟದ ಹೊತ್ತಿಗೆ ಅವನ ಪಕ್ಕ ಯಾರೂ ಕೂರಲ್ಲ.”

“ನೀನು?” ಎಂದೆ.

“ನಾನೂ ಕೂರಲಿಲ್ಲ.”

ನಾನು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಅಷ್ಟು ಒಪ್ಪಿಕೊಳ್ಳುವುದಕ್ಕೆ ಗೂಳಿಯ ಬೆನ್ನೇರುವಷ್ಟೇ ಧೈರ್ಯ ಬೇಕು. ನಾನು ಊರಿಗೆ ಮರಳಿದ ಮೇಲೆ ಶಾಲೆ ತೆರೆಯಿತು. ಮೊದಲ ವಾರವೇ ಫೋನಿನಲ್ಲಿ ಮೊಮ್ಮಗ ಹೇಳಿದ: “ಅಜ್ಜಿ, ಅವನಿಗೆ ಚಿತ್ರಾನ್ನ ಇಷ್ಟವಾಯಿತು. ನಾಳೆಗೆ ಅಮ್ಮನಿಗೆ ಎರಡು ಡಬ್ಬಿ ಕಟ್ಟಲು ಹೇಳಿದ್ದೇನೆ.”

ಕೋಡಿಯಿಂದ ಪಶ್ಚಿಮಕ್ಕೆ ಎಂಬತ್ತು ಕಿಲೋಮೀಟರ್ ಚಿಲ್ಲರೆ ಹೋದರೆ ಯೆಲ್ಲೋಸ್ಟೋನ್ ಕಾಡಿನ ಬಾಗಿಲು. ಅಲ್ಲಿ ನೆಲದಿಂದಲೇ ಬಿಸಿನೀರು ಚಿಮ್ಮುತ್ತದೆ, ಕೆಸರು ಗಂಜಿಯಂತೆ ಕೊತಕೊತ ಕುದಿಯುತ್ತದೆ. ಬೈಸನ್‌ಗಳ ಹಿಂಡು ರಸ್ತೆಗೆ ಅಡ್ಡ ನಿಂತು ನಮ್ಮ ಕಾರನ್ನು ಕಾಯಿಸಿದ ಕಥೆ ಮುಂದಿನ ವಾರ.

ನಿಮ್ಮ ಪ್ರೀತಿಯ
ಅಜ್ಜಿ