ವೀಸಾ ಸೋಮಾರಿಗಳ ನೆಪವಲ್ಲ

ಮನಸ್ಸಿದ್ದವನ ಸೈಕಲ್ಲಿಗೆ ಗಡಿಯಿಲ್ಲ, ವೀಸಾ ಕಾಟವೆಂಬುದು ಸೋಮಾರಿಗಳ ನೆಪ ಎಂಬ ಬರಹ ಓದಿದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನ ಯುವಕನೊಬ್ಬ ಯುರೋಪಿಗೆ ಪೆಡಲ್ ತುಳಿಯಲು ಹೊರಟನೆನ್ನಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ವಾಸವಿರುವ ದೇಶದಲ್ಲೇ ಹಾಕಬೇಕು. ದಾರಿ ಅದಕ್ಕಿಂತ ಹೆಚ್ಚು ಕಾಲ ಹಿಡಿದರೆ? ಅರ್ಧದಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ಮರಳಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಅರ್ಜಿ ತಿರಸ್ಕೃತವಾದರೂ ವಾಪಸಿಲ್ಲ. ಜತೆಗೆ ಬ್ಯಾಂಕ್ ಲೆಕ್ಕ, ತಂಗುವ ಜಾಗದ ಪುರಾವೆ. ಮಳೆ ನಂಬಿದ ಮನೆಯ ಮಗ ತಿಂಗಳ ಸಂಬಳದ ಚೀಟಿ ಎಲ್ಲಿಂದ ತಂದಾನು?

1923ರಲ್ಲಿ ಮುಂಬಯಿಯ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಡಲಿಲ್ಲವೇ ಎನ್ನಬಹುದು. ಹೊರಟರು, 1928ರಲ್ಲಿ ಮೂವರು ಸುತ್ತು ಮುಗಿಸಿ ಮರಳಿದರು. ಅವರ ಧೈರ್ಯ ದೊಡ್ಡದೇ. ಆದರೆ ಆಗ ಮುಂಬಯಿಯಿಂದ ಬಲೂಚಿಸ್ತಾನದವರೆಗೆ ಒಂದೇ ಸರ್ಕಾರದ ಆಳ್ವಿಕೆಯಿತ್ತು. ಇಂದು ಪಶ್ಚಿಮದ ದಾರಿ ಪಾಕಿಸ್ತಾನದ ಗಡಿಯ ಅಟ್ಟಾರಿಯಲ್ಲೇ ಮುಗಿಯುತ್ತದೆ. ಈಗ ಇ-ವೀಸಾ ಇದೆಯಲ್ಲ ಎಂಬ ಮಾತೂ ಪೊಳ್ಳು. ನಮ್ಮದೇ ದೇಶದ ಇ-ವೀಸಾ ಬಹುಪಾಲು ವಿಮಾನ ನಿಲ್ದಾಣ, ಬಂದರುಗಳಿಗೆ ಸೀಮಿತ. ಸೈಕಲ್ ಬರುವುದು ರಸ್ತೆಯಲ್ಲಿ. ಧೈರ್ಯ ಬೋಧಿಸುವವರು ಮೊದಲು ವೀಸಾ ಅರ್ಜಿ ನಮೂನೆಯನ್ನು ಪೂರ್ತಿ ಓದಲಿ.